ಒಂಬತ್ತು ಕಂಪ್ಯೂಟರ್ ಉಳಿಸಿದ ಲೈಬ್ರರಿ ಅಕ್ಕ

ಬೆಳಗಿನ ಆರು ಗಂಟೆ. ಗ್ರಂಥಾಲಯದ ಓದುಕೋಣೆಯಲ್ಲಿ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಒಂಬತ್ತು ಕಂಪ್ಯೂಟರ್‌ಗಳನ್ನು ಸಾಲಾಗಿ ಆನ್ ಮಾಡುತ್ತಾ ಬರುತ್ತಾರೆ. ಆರನೆಯದು ಮೊಂಡು. "ಏಳಪ್ಪ, ಜನ ಬರೋ ಹೊತ್ತಾಯ್ತು" ಎಂದು ಅದರ ಬೆನ್ನು ತಟ್ಟುತ್ತಾರೆ. ಅದೂ ಏಳುತ್ತದೆ.

ಇವರು ಇಲ್ಲಿನ ಅಟೆಂಡರ್, ಓದುಗರಿಗೆಲ್ಲ 'ಅಕ್ಕ'. ಗುಡಿಸುವುದು, ಪುಸ್ತಕ ಜೋಡಿಸುವುದು ಇವರ ಕೆಲಸ. ಕಳೆದ ವರ್ಷ ಈ ಒಂಬತ್ತೂ ಯಂತ್ರಗಳು ಗುಜರಿಗೆ ಹೋಗಬೇಕಿತ್ತು. ಹೊಸ ಆಪರೇಟಿಂಗ್ ಸಿಸ್ಟಂ ಇವುಗಳಲ್ಲಿ ಓಡುವುದಿಲ್ಲವೆಂದು ಇಲಾಖೆಯ ಕಚೇರಿಯವರು ಮೂರು ತಿಂಗಳ ಗಡುವು ಕೊಟ್ಟು ಕೈತೊಳೆದುಕೊಂಡಿದ್ದರು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಕೆಲಸಕ್ಕೆ ಅರ್ಜಿ ಹಾಕುವುದು ಇಲ್ಲಿಂದಲೇ, ದಿನಕ್ಕೆ ಅರವತ್ತು ಮಂದಿ. ಇವರೆಲ್ಲ ಇನ್ನೆಲ್ಲಿಗೆ ಹೋಗಬೇಕು ಎಂಬುದೇ ಅಕ್ಕನ ಚಿಂತೆ.

ಕಪಾಟು ಒರೆಸುವಾಗ ಲಿನಕ್ಸ್ ಕುರಿತ ಪುಸ್ತಕವೊಂದು ಕೈಗೆ ಸಿಕ್ಕಿತು. ಪುಕ್ಕಟೆ ಸಿಗುವ ಸಿಸ್ಟಂ, ಹಳೆಯ ಯಂತ್ರದಲ್ಲೂ ನಡೆಯುತ್ತದೆ ಎಂದು ಅದರಲ್ಲಿತ್ತು. ಓದಿ ಓದಿ ಮೊದಲ ಕಂಪ್ಯೂಟರಿಗೆ ಹಾಕಿಯೇಬಿಟ್ಟರು. ಆ ಭರದಲ್ಲಿ 'ಎಲ್ಲ ಅಳಿಸು' ಎಂಬುದನ್ನು ಒತ್ತಿದ್ದೇ ತಡ, ಗ್ರಂಥಾಲಯದ ಸದಸ್ಯರ ಪಟ್ಟಿಯೇ ಮಂಗಮಾಯ! "ಹಳೇ ರಿಜಿಸ್ಟರ್ ನೋಡ್ಕೊಂಡು ಹನ್ನೊಂದು ದಿನ ಕೂತು ಟೈಪ್ ಮಾಡ್ದೆ." ದರ್ಜಿಯಾಗಿರುವ ಗಂಡ ಈಗಲೂ ರೇಗಿಸುತ್ತಾರೆ: "ಮನೇಲಿ ಬಲ್ಬ್ ಹಾಕೋಕೆ ನಾನು ಬೇಕು, ಅಲ್ಲಿ ನೋಡಿದ್ರೆ ಇಂಜಿನಿಯರಮ್ಮ!"

ಒಬ್ಬರ ಕೈಲಿ ಆಗುವ ಕೆಲಸವಲ್ಲ. ಊರಲ್ಲಿ ಇದನ್ನು ಬಲ್ಲವರು ಯಾರು? ಅಕ್ಕ ನೋಡಿದ್ದು ಆ ಪುಸ್ತಕದ ಹಿಂದೆ ಅಂಟಿಸಿದ್ದ ಎರವಲು ಚೀಟಿಯನ್ನು. ಇಬ್ಬರ ಹೆಸರಿತ್ತು, ಅವರಲ್ಲೊಬ್ಬರು ಐದು ಸಲ ಒಯ್ದಿದ್ದರು! ರಿಜಿಸ್ಟರಿನಲ್ಲಿ ವಿಳಾಸ ಹುಡುಕಿ ಹೊರಟೇಬಿಟ್ಟರು. ಐದು ಸಲ ಒಯ್ದವರು ಒಬ್ಬ ನಿವೃತ್ತ ನರ್ಸ್. "ಬಾಗಿಲು ತೆಗೆದವ್ರೇ, 'ಅಯ್ಯೋ, ಪುಸ್ತಕ ಆಗ್ಲೇ ವಾಪಸ್ ಕೊಟ್ಟಿದೀನಲ್ಲಮ್ಮ' ಅಂದ್ರು. ಪುಸ್ತಕ ಅಲ್ಲ ಮೇಡಂ, ನೀವೇ ಬೇಕು ಅಂದೆ." ಇನ್ನೊಬ್ಬರು ಬಸ್ ಡಿಪೋದ ಮೆಕ್ಯಾನಿಕ್. ಮೂವರೂ ಎಂಟು ಭಾನುವಾರ ಒಂದೊಂದೇ ಯಂತ್ರ ಬಿಚ್ಚಿ, ಧೂಳು ಊದಿ, ಲಿನಕ್ಸ್ ಹಾಕಿದರು.

ಗಡುವಿನ ದಿನ ಅಧಿಕಾರಿ ಬಂದಾಗ ಒಂಬತ್ತೂ ಯಂತ್ರಗಳ ಮುಂದೆ ಜನ, ಹಿಂದೆ ಸಾಲು. ಅವರು ಗುಜರಿ ಪಟ್ಟಿಯನ್ನು ಮಡಚಿ ಜೇಬಿಗಿಟ್ಟು ಹೊರಟುಹೋದರಂತೆ.

ಮೂವರಿಂದ ಶುರುವಾದ ಭಾನುವಾರದ ಗುಂಪಿನಲ್ಲೀಗ ಹದಿನಾಲ್ಕು ಮಂದಿ. ನಿಮ್ಮ ಹುದ್ದೆ ಮಾತ್ರ ಹಾಗೇ ಇದೆಯಲ್ಲ ಎಂದರೆ ಅಕ್ಕ ನಗುತ್ತಾರೆ. "ಇರ್ಲಿ ಬಿಡಿ. ಮೊದ್ಲು ಯಾರಾದ್ರೂ 'ಅಕ್ಕಾ' ಅಂತ ಕೂಗಿದ್ರೆ, ಎಲ್ಲೋ ಕಸ ಬಿದ್ದಿದೆ ಅಂತ ಪೊರಕೆ ಹಿಡ್ಕೊಂಡು ಓಡ್ತಿದ್ದೆ. ಈಗ ಕೂಗೋದು ಕಂಪ್ಯೂಟರ್ ನಿಂತಾಗ, ಬರಿಗೈಲಿ ಹೋಗ್ತೀನಿ."