ರಾಯಪ್ಪರ್ ಕೀಲಿ ನಮ್ಮ ಮನೆಗೆ ಬಂದ ಜೂನ್

ಮದ್ರಾಸಿನ ತಿರುವೊಟ್ಟಿಯೂರಿನ ಕಡಲು ನಮ್ಮ ಬೀದಿಯ ಕೊನೆಯ ಮನೆಗಳನ್ನು ಒಂದೊಂದಾಗಿ ಕೆಡವಿ ಒಯ್ಯುತ್ತಿದ್ದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಲೆಗಳನ್ನು ತಡೆಯಲೆಂದು ಸುರಿದಿದ್ದ ಕರಿಬಂಡೆಗಳಿಗೆ ನೀರು ಬಂದು ಬಡಿಯುವ ಸದ್ದು ಹಗಲೆಲ್ಲ ಕೇಳಿಸುತ್ತಿತ್ತು. ಗಾಳಿ ಒಂದು ಕಡೆಯಿಂದ ಬೀಸಿದರೆ ಒಣಮೀನಿನ ವಾಸನೆ, ಇನ್ನೊಂದು ಕಡೆಯಿಂದ ಬೀಸಿದರೆ ಕಾರ್ಖಾನೆಯ ಕಣ್ಣುರಿಸುವ ಹೊಗೆ. ಅಂಥ ಬಂಡೆಗಳ ಮೇಲೆ ಬೆಳೆದವರಿಗೆ, ನಮ್ಮ ಆಟಗಳಲ್ಲಿ ಏಟು ಎಷ್ಟಿರುತ್ತಿತ್ತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೀದಿಯ ಮಕ್ಕಳಲ್ಲಿ ಎರಡು ಪಾಳೆಯಗಳಿದ್ದವು. ಮೀನುಗಾರರ ಮಕ್ಕಳು ಕ್ಯಾಥೊಲಿಕರು. ಸಂತ ಪೇತ್ರನನ್ನು ಅವರು ತಮಿಳಿನಲ್ಲಿ ರಾಯಪ್ಪರ್ ಎಂದು ಕರೆಯುತ್ತಿದ್ದರು. ಕಾರ್ಖಾನೆಯ ನೌಕರರ ಮಕ್ಕಳು ಪ್ರಾಟೆಸ್ಟಂಟರು. ಸಂಜೆಯಾದರೆ ಒಬ್ಬ ಹುಡುಗ ಅತಿ ಎತ್ತರದ ಬಂಡೆಯನ್ನೇರಿ ಪೋಪ್ ಆಗುವನು; ಎದುರು ಪಾಳೆಯದವರು ಅವನನ್ನು ಉರುಳಿಸಬೇಕು. ಮೊದಲು ಏಡಿಯ ಚಿಪ್ಪು, ಆಮೇಲೆ ಟಾರಿನ ಉಂಡೆ, ಕೊನೆಗೆ ಕಲ್ಲು. ನನ್ನ ಅಮ್ಮ ಕೊಳ್ಳೇಗಾಲದ ಕಡೆಯ ಕ್ಯಾಥೊಲಿಕ್ ಮನೆತನದವಳು, ಅಪ್ಪ ಗದಗ-ಬೆಟಗೇರಿಯ ಪ್ರಾಟೆಸ್ಟಂಟ್. ಆದ್ದರಿಂದ ಎರಡೂ ಕಡೆಯ ಕಲ್ಲುಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು.

"ಏಯ್ ಅರೈ ಟಿಕೆಟ್! ಉನಕ್ಕು ಪೋಪ್ ಉಂಡಾ, ಇಲ್ಲಿಯಾ?" ಎಂದು ಕೂಗಿ ಎಸೆಯುವರು. ಅರೈ ಎಂದರೆ ಅರ್ಧ. ನನಗೆ ಪೋಪ್ ಇದ್ದಾನೋ ಇಲ್ಲವೋ ಎಂಬುದು ನನಗೇ ಇತ್ಯರ್ಥವಾಗಿರಲಿಲ್ಲ. ನನ್ನ ಎಡ ಹುಬ್ಬಿನ ಮೇಲಿನ ಗೀರು ಆ ಪ್ರಶ್ನೆಯದು.

ಇದೇ ಪ್ರಶ್ನೆ ನಮ್ಮ ಮನೆಯಲ್ಲಿ ಭಾನುವಾರದ ಊಟದ ಜೊತೆಗಿನ ವಿನೋದವಾಗಿತ್ತು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಅಮ್ಮನ ತಮ್ಮ ರಾಯಪ್ಪ ಮಾವ ಕೆಲಸವಿಲ್ಲದೆ ಮದ್ರಾಸಿಗೆ ಬಂದಾಗ, ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಲೇತ್ ಕಲಿಸಿದವನೂ ದೊಡ್ಡಪ್ಪನೇ. ಮಾವ ಆಮೇಲೆ ನಮ್ಮ ಬೀದಿಯಲ್ಲೇ ದೋಣಿ ಎಂಜಿನ್ನುಗಳ ರಿಪೇರಿಗೆ ನಿಂತ. ಭಾನುವಾರ ದೊಡ್ಡಪ್ಪ ರೈಲು ಹತ್ತಿ ಬರುವನು. ಅವನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅಮ್ಮ ವಂಜರಂ ಮೀನಿನ ಸಾರು, ರಾಗಿ ಮುದ್ದೆ ಮಾಡುವಳು. ಇಬ್ಬರೂ ಗೋಡೆಗೊರಗಿ ನೆಲದ ಮೇಲೆ ಕೂರುವರು. ದೊಡ್ಡಪ್ಪನ ಜಾಗ ಯಾವಾಗಲೂ ಮಾವನ ಬಲಕ್ಕೆ.

"ಏನಲೇ ರಾಯಾ," ದೊಡ್ಡಪ್ಪ ಮೀನಿನ ಮುಳ್ಳು ಬಿಡಿಸುತ್ತ ಶುರು ಮಾಡುವನು, "ಪರಲೋಕದ ಕೀಲಿ ಒಡೆಯ ಪೇತ್ರಗ ಕೊಟ್ಟ, ಒಪ್ಪಿದೆ. ಪೇತ್ರ ಅದನ್ನ ರೋಮಿನ ಬಿಷಪ್ಪಗ, ನಿಮ್ಮ ಪೋಪಗ ಕೊಟ್ಟಾನಂತ ಎಲ್ಲಿ ಬರದೈತಿ? ತೋರ್ಸಪಾ."

"ನಿಮ್ತಾತನ ಮನೆ ನಿಮ್ಗ್ ಬಂತಲ್ಲ ಬಾವ, ಅದು ಎಲ್ ಬರ್ದಿತ್ತು?"

"ಬಂದಿಲ್ಲೋ! ಅದಕ್ಕ ಗಿಂಡಿಯೊಳಗ ಬಾಡಿಗಿ ಕಟ್ಟಾಕತ್ತೀನಿ. ಪಾಪ ಕಟ್ಟೂದು, ಕ್ಷಮಿಸಿ ಬಿಚ್ಚೂದು, ಎರಡೂ ಅಧಿಕಾರ ಶಿಷ್ಯರಿಗೆಲ್ಲಾ ಕೊಟ್ಟಾನ. ನಂಬಿದವರಿಗೆಲ್ಲಾ ಒಂದೊಂದು ಕೀಲಿ ಐತಿ. ನಿನಗೂ ಐತಿ, ನನಗೂ ಐತಿ."

"ಎಲ್ಲಾರ್ ಕೈಲೂ ಬೀಗದ ಕೈ ಕೊಟ್ರೆ ಅದು ಮನೆಯಾ ಬಾವ, ಸತ್ರ!"

"ನಿಮ್ಮ ಮೊದಲನೇ ಪೋಪ್ ಆ ಪೇತ್ರ, ಪುಣ್ಯಾತ್ಮ, ಯಾರದೋ ಆಳಿನ ಬಲಗಿವಿ ಹರದ. ಅಂಥಾವನ ಕೈಯಾಗ ಕೀಲಿ ಕೊಡ್ತಾರೇನಲೇ?"

"ಒಡೆಯನ್ನ ಇಡಿಯಾಕೆ ಬಂದ್ರೆ ಸುಮ್ಕಿರ್ತಾನಾ? ನಾನಾಗಿದ್ರೆ ಎರ್ಡೂ ಕಿವಿ ಕುಯ್ತಿದ್ದೆ."

ಅಮ್ಮ ಸೌಟು ತೋರಿಸಿ ಇಬ್ಬರನ್ನೂ ಗದರುವಳು. ರೋಮ್ ದೂರದಲ್ಲಿದ್ದಷ್ಟು ಕಾಲ ಆ ಜಗಳದಲ್ಲಿ ನಗುವಿತ್ತು.

ಆ ಜೂನಿನಲ್ಲಿ ರೋಮ್ ನಮ್ಮ ಮನೆಯೊಳಕ್ಕೆ ಬಂತು. ಮದುವೆಯ ಹೊತ್ತಿನಲ್ಲೇ ಒಂದು ಒಪ್ಪಂದವಾಗಿತ್ತು: ಹೆಣ್ಣುಮಕ್ಕಳು ಅಮ್ಮನ ಚರ್ಚಿಗೆ, ಗಂಡುಮಕ್ಕಳು ಅಪ್ಪನ ಚರ್ಚಿಗೆ. ಹುಟ್ಟಿದವಳು ನಾನೊಬ್ಬಳೇ. ರಾಯಪ್ಪರ್ ಹಬ್ಬದಂದು ನನಗೆ ಮೊದಲ ಪರಮಪ್ರಸಾದ, ಅಂದರೆ ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಪಡೆಯುವ ವಿಧಿ, ಎಂದು ನಿಶ್ಚಯವಾಯಿತು. ಅಮ್ಮ ಬಿಳಿಯ ಫ್ರಾಕ್ ಹೊಲಿಸಿದಳು. ಅಂದು ಪ್ರಸಾದ ಪಡೆದರೆ ನಾನು ಅರೈ ಟಿಕೆಟ್ ಆಗಿರುವುದು ತಪ್ಪುತ್ತದೆ, ಬಂಡೆಗಳ ಮೇಲೆ ಒಂದು ಪಾಳೆಯವಾದರೂ ನನ್ನದಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ನಮ್ಮ ಬೀದಿಯ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ರಾಯಪ್ಪರ್ ಪ್ರತಿಮೆಯ ಕೈಯಲ್ಲಿ ಮೊಳದುದ್ದದ ಹಿತ್ತಾಳೆಯ ಕೀಲಿ ಇರುತ್ತಿತ್ತು. ಹಬ್ಬಕ್ಕೆ ಮುನ್ನ ಅದನ್ನು ಬಿಡಿಸಿ, ಪರಮಪ್ರಸಾದ ಪಡೆಯಲಿರುವ ಒಂದು ಮಗುವಿನ ಮನೆಗೆ ಕೊಡುವರು. ಆ ಮನೆಯಲ್ಲಿ ಅದು ಅಕ್ಕಿ ತುಂಬಿದ ತಟ್ಟೆಯ ಮೇಲೆ ಮಲಗಿರಬೇಕು. ಹಬ್ಬದ ದಿನ ಆ ಮಗುವೇ ಮೆರವಣಿಗೆಯ ಮುಂದೆ ನಡೆದು, ಕೀಲಿಯನ್ನು ಕಡಲಿನಲ್ಲಿ ಅದ್ದಿ, ಪ್ರತಿಮೆಯ ಕೈಗೆ ಮರಳಿಸಬೇಕು. ಆಮೇಲೆಯೇ ದೋಣಿಗಳು ನೀರಿಗಿಳಿಯುವುದು. ಮಾವನ ಎಂಜಿನ್ ಕೆಲಸವನ್ನು ಮೆಚ್ಚಿದ್ದ ಮೀನುಗಾರರು ಆ ವರ್ಷ ಕೀಲಿಯನ್ನು ನನಗೆ ಕೊಡಿಸಿದರು. ತಂದುಕೊಟ್ಟ ಹಿರಿಯರು ಅಮ್ಮನಿಗೆ, "ಸಾವಿ ಕೀಳೆ ಪಡಕ್ಕೂಡಾದು, ಮಾ," ಎಂದರು. ಕೀಲಿ ನೆಲಕ್ಕೆ ತಾಗಬಾರದು.

ತಪ್ಪು ಮಾಡಿದವನು ಅಪ್ಪ. ಎರಡೂ ಚರ್ಚುಗಳನ್ನು ಒಂದೇ ಸೂರಿನಡಿ ಸಾಕಿದ್ದ ಮನುಷ್ಯ, ಎರಡೂ ಕಡೆಯವರಿಗೆ ಸಮನಾಗಿರಲೆಂದು ಅಕ್ಕಿಯ ತಟ್ಟೆಯನ್ನು ತನ್ನ ಅಜ್ಜನ ಫೋಟೋದ ಕೆಳಗೆ ಇಟ್ಟ. ಅಮ್ಮನಿಗೂ ಅದು ಗೌರವವೆಂದೇ ತೋರಿತು. ಆ ಅಜ್ಜ ಬೆಟಗೇರಿಯಲ್ಲಿ ಕ್ರೈಸ್ತನಾದಾಗ ಮನೆಯ ವಿಗ್ರಹಗಳನ್ನು ಬಿಟ್ಟವನು. ಅದಕ್ಕಾಗಿ ಕಂಬಕ್ಕೆ ಕಟ್ಟಿಸಿಕೊಂಡು ಬಾರುಕೋಲಿನ ಏಟು ತಿಂದವನು. ಆ ಬೆನ್ನಿನ ಬರೆಗಳನ್ನು ದೊಡ್ಡಪ್ಪ ಹುಡುಗನಾಗಿದ್ದಾಗ ಎಣ್ಣೆ ಹಚ್ಚುತ್ತ ಮುಟ್ಟಿದ್ದ.

ಹಬ್ಬದ ಹಿಂದಿನ ಭಾನುವಾರ ಮಧ್ಯಾಹ್ನ ದೊಡ್ಡಪ್ಪ ಬಂದು ಎಂದಿನಂತೆ ಮಾವನ ಬಲಕ್ಕೆ ಊಟಕ್ಕೆ ಕೂತ. ತಲೆಯೆತ್ತಿದಾಗ ಫೋಟೋ ಕಂಡಿತು, ಅದರ ಕೆಳಗೆ ದೀಪ, ಹೂ, ಹಿತ್ತಾಳೆಯ ಕೀಲಿ.

"ಇದೇನು?"

ಅಪ್ಪನಿಗಿಂತ ಮೊದಲು ಮಾವನೇ ಹೇಳಿದ: "ನಮ್ ಮಗು ಎತ್ಕೊಂಡ್ ಓಗ್ತಳೆ ಬಾವ. ಬೀದೀಗೇ ದೊಡ್ ಮರ್ಯಾದೆ."

"ಗೊಂಬಿ ಕೈಯಾಗಿನ ಸಾಮಾನಿಗೆ ನಮ್ಮಜ್ಜನ ಎದುರಿಗೆ ದೀಪಾ? ಇದರ ಸಲುವಾಗಿ ಅಂವ ಚರ್ಮಾ ಸುಲಿಸಿಕೊಂಡ್ನೇನು?"

"ಗೊಂಬೆ ಅನ್ಬೇಡಿ. ಪ್ಲೇಗ್ ಬಂದಾಗ ನಮ್ ಊರಿನ ಎಣಾನ ಯಾರೂ ಮುಟ್ನಿಲ್ಲ. ರೋಮಿನವ್ರು ಕಳಿಸಿದ್ ಪಾದ್ರಿಸ್ವಾಮಿ ಎಗಲ್ ಮೇಲ್ ಒತ್ರು. ಅವ್ರಿಗ್ ಅಧಿಕಾರ ಎಲ್ಲಿಂದ ಬಂತು ಅಂತ ನಮ್ ತಾತ ಕೇಳ್ನಿಲ್ಲ."

"ಕೇಳಬೇಕಿತ್ತು."

"ಕೇಳೋಕ್ ಉಸ್ರಿರ್ಬೇಕಲ್ಲ ಬಾವ!"

"ಅಣ್ಣಾ, ಸಾಕು ಮಾಡು," ಎಂದ ಅಪ್ಪ. ದೊಡ್ಡಪ್ಪ ಆಗಲೇ ಮುಂದಕ್ಕೆ ಬಾಗಿ ಎಡಗೈ ಚಾಚಿ ಕೀಲಿಯನ್ನು ಎಳೆದಿದ್ದ. ತಟ್ಟೆ ಮಗುಚಿತು, ಅಕ್ಕಿ ಚೆಲ್ಲಿತು, ಕೀಲಿ ಠಣ್ಣೆಂದು ನೆಲಕ್ಕೆ ಬಿತ್ತು. ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮಾವ ಸಾರು ಮೆತ್ತಿದ ಅದೇ ಕೈಯಿಂದ, ತನಗೆ ಕೆಲಸ ಕಲಿಸಿದವನ ಕೆನ್ನೆಗೆ ಹೊಡೆದ.

ಹೊಡೆದವನೇ ಬೆಚ್ಚಿದ. "ಬಾವ..." ಎಂದು ಏನೋ ಹೇಳಲು ಹೊರಟ. ಅಷ್ಟರಲ್ಲಿ ದೊಡ್ಡಪ್ಪ ಕೀಲಿಯನ್ನು ಹೆಕ್ಕಿ ಬೀಸಿದ್ದ. ಅದು ಮಾವನ ಬಲಗಿವಿಗೆ ಬಡಿಯಿತು. ತೆಂಗಿನಕಾಯಿ ಒಡೆದಾಗಿನ ಸದ್ದು; ಅದಕ್ಕಿಂತ ಹತ್ತಿರದ ಹೋಲಿಕೆ ನನಗೆ ಈವರೆಗೆ ಸಿಕ್ಕಿಲ್ಲ. ಕಿವಿಯ ಮೇಲುಭಾಗ ಹರಿದು ಜೋತುಬಿತ್ತು. ರಕ್ತ ಕತ್ತಿನಿಂದ ಇಳಿದು ಅಕ್ಕಿಗೆ ಬಿತ್ತು. ಬಿದ್ದಲ್ಲೆಲ್ಲ ಕಾಳುಗಳು ಒಂದಕ್ಕೊಂದು ಅಂಟಿಕೊಂಡವು. ದೊಡ್ಡಪ್ಪ ಮತ್ತೊಮ್ಮೆ ಕೈ ಎತ್ತಿದ. ಆಗ ನನ್ನ ಅಪ್ಪ, ಜಿರಳೆಯನ್ನೂ ಕಾಗದದಲ್ಲಿ ಎತ್ತಿ ಹೊರಗೆ ಬಿಡುತ್ತಿದ್ದವನು, ಒಡಹುಟ್ಟಿದ ಅಣ್ಣನ ಎದೆಗೆ ಒದ್ದ. ಬಿದ್ದವನನ್ನು ಮತ್ತೆ ಒದ್ದ. ಪಕ್ಕೆಗೆ, ಹೊಟ್ಟೆಗೆ, ಕೈಗೆ ಒದೆಯುತ್ತ ಅಳುತ್ತಿದ್ದ, ಅಳುತ್ತ ಒದೆಯುತ್ತಿದ್ದ. ಬಿಡಿಸಲು ಹೋದ ನಾನು ಗೋಡೆಗೆ ಬಡಿದು ಕೂತೆ. ಅಮ್ಮ ಕೈಗೆ ಸಿಕ್ಕ ಬಟ್ಟೆಯನ್ನು ಎಳೆದು ಮಾವನ ಕಿವಿಗೆ ಒತ್ತಿದಳು. ಒತ್ತಿದ ಮೇಲೆ ನೋಡಿದಳು: ಅದು ನನ್ನ ಬಿಳಿಯ ಫ್ರಾಕ್.

ಆಸ್ಪತ್ರೆಯಲ್ಲಿ ಕಿವಿಯನ್ನು ಹೊಲಿದರು, ಒಳಗಿನದನ್ನು ಹೊಲಿಯಲಾಗಲಿಲ್ಲ. ಪೊಲೀಸಿನವನು ಕೇಳಿದಾಗ ಮಾವ, "ಬಂಡೆ ಮೇಲೆ ಜಾರಿಬಿದ್ದೆ ಸಾರ್," ಎಂದ. ದೊಡ್ಡಪ್ಪ ಪಕ್ಕೆ ಹಿಡಿದುಕೊಂಡು ಒಬ್ಬನೇ ರೈಲು ಹತ್ತಿದನಂತೆ. ಅವನ ಚೀಲ ನಮ್ಮ ಮನೆಯಲ್ಲೇ ಉಳಿಯಿತು. ಅದರಲ್ಲಿದ್ದ ಶೇಂಗಾ ಚಟ್ನಿ ಕಮಟುವವರೆಗೂ ಯಾರೂ ಮುಟ್ಟಲಿಲ್ಲ.

ಅಪ್ಪ ಕೀಲಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ. ಅದರ ಹಲ್ಲುಗಳ ಸಂದಿನ ಕಪ್ಪು ಹೋಗುವವರೆಗೂ ಉಜ್ಜಿ, ಎರಡೂ ಕೈಯಲ್ಲಿ ಹಿಡಿದು, ಜೀವನದಲ್ಲಿ ಮೊದಲ ಸಲ ಅಮ್ಮನ ಚರ್ಚಿನ ಮೆಟ್ಟಿಲು ಹತ್ತಿದ. "ನೆಲಕ್ಕೆ ಬಿತ್ತು," ಎಂದಷ್ಟೇ ಹೇಳಿದನಂತೆ. ಹಬ್ಬದ ದಿನ ಬೇರೊಬ್ಬ ಹುಡುಗಿ ಅದನ್ನು ಹಿಡಿದು ನಮ್ಮ ಬಾಗಿಲ ಮುಂದೆ ಹಾದುಹೋದಳು. "ನನ್ ತಮ್ಮನ್ ಹೊಡ್ದಿರೋ ಬೀಗದ ಕೈನ ನನ್ ಮಗಳು ಇಡಿಯೋದ್ ಬೇಡ," ಎಂದು ಅಮ್ಮ ಬಾಗಿಲು ಮುಚ್ಚಿದಳು. ಪರಮಪ್ರಸಾದವನ್ನು ನಾನು ಆ ವರ್ಷ ಪಡೆಯಲಿಲ್ಲ, ಮುಂದೆಯೂ ಪಡೆಯಲಿಲ್ಲ.

ಮಾವನೂ ದೊಡ್ಡಪ್ಪನೂ ಮತ್ತೆ ಮುಖಾಮುಖಿಯಾದದ್ದು ನಾನು ಕಾಲೇಜಿನಲ್ಲಿದ್ದಾಗ. ದೊಡ್ಡಪ್ಪನ ಶ್ವಾಸಕೋಶ ಕೆಟ್ಟಿತ್ತು. ಅಪ್ಪ ಕಾಲು ಹಿಡಿಯುವಷ್ಟು ಬೇಡಿಕೊಂಡ ಮೇಲೆ ಮಾವ ನನ್ನೊಡನೆ ಆಸ್ಪತ್ರೆಗೆ ಬಂದ.

"ರಾಯಾ," ದೊಡ್ಡಪ್ಪ ಉಸಿರು ಎಳೆದೆಳೆದು ಅಂದ, "ನಿನ್ನ ಕಿವಿ ನನ್ನ ಎದಿ ಮ್ಯಾಲೆ ಕುಂತೈತಿ. ಮಾಫಿ ಮಾಡಿ ಬಿಟ್ಟೆ ಅಂತ ಒಂದ್ ಮಾತು ಅನ್ನಪಾ."

ಮಾವ ಎಡಗಿವಿಯನ್ನು ಅವನ ಬಾಯಿಯ ಹತ್ತಿರ ತಂದ. ದೊಡ್ಡಪ್ಪ ಅಷ್ಟನ್ನೂ ಇನ್ನೊಮ್ಮೆ ಹೇಳಬೇಕಾಯಿತು.

"ಕಟ್ಟೋದು, ಬಿಚ್ಚೋದು ಎಲ್ಲಾರ್ ಕೈಲೂ ಐತೆ ಅಂತ ನೀವೇ ಅಲ್ವ ಬಾವ ಏಳ್ತಿದ್ದದ್ದು? ನಂಬಿದವ್ರಿಗೆಲ್ಲಾ ಒಂದೊಂದು ಬೀಗದ ಕೈ ಅಂತ?"

"ಹೌದು."

"ಅಂಗಾದ್ರೆ ನನ್ ಕೈಲೂ ಒಂದೈತೆ. ನಾನು ಬಿಚ್ಚಕ್ಕಿಲ್ಲ."

ದೊಡ್ಡಪ್ಪ ಹಿಂದೆ ಲೇತಿನ ಮುಂದೆ ಮಾವನ ಕೆಲಸ ತೂಗಿ ನೋಡುತ್ತಿದ್ದಂತೆ ತಲೆಯಾಡಿಸಿದ. "ಖರೆ," ಎಂದ. "ಈಗ ಬರೋಬ್ಬರಿ ತಿಳಕೊಂಡಿ." ನಗಲು ಹೋದದ್ದು ಕೆಮ್ಮಾಯಿತು. ಆ ವಾರವೇ ತೀರಿಕೊಂಡ.

ಈಗ ಆ ಕೀಲಿ ಚರ್ಚಿನಲ್ಲಿ ಗಾಜಿನ ಹಿಂದೆ ಇದೆ. ಯಾವ ಮನೆಗೂ ಹೋಗುವುದಿಲ್ಲ. ಬಂಡೆಗಳ ಮೇಲೆ ಮಕ್ಕಳು ಪೋಪ್ ಆಟ ಆಡುವುದಿಲ್ಲ, ಯಾರ ಹುಬ್ಬೂ ಒಡೆಯುವುದಿಲ್ಲ. ಪೋಪರ ಅಧಿಕಾರ ಎಲ್ಲಿಂದ ಬಂತೆಂದು ವಿವರಿಸುವ ವಿದ್ವಾಂಸರ ಮಾತುಗಳನ್ನು ಆಮೇಲೆ ಬೇಕಾದಷ್ಟು ಕೇಳಿದ್ದೇನೆ. ಯಾರ ಮಾತಿಗೂ ವಂಜರಂ ಸಾರಿನ, ಶೇಂಗಾ ಚಟ್ನಿಯ ವಾಸನೆಯಿರಲಿಲ್ಲ. ಪೇತ್ರ ಹರಿದ ಆಳಿನ ಕಿವಿಯನ್ನು ಅವನ ಗುರು ಆ ಕ್ಷಣವೇ ಮುಟ್ಟಿ ವಾಸಿಮಾಡಿದನಂತೆ. ನಮ್ಮ ಮನೆಯಲ್ಲಿ ಹಾಗೆ ಮುಟ್ಟಬಲ್ಲ ಕೈ ಯಾರದೂ ಇರಲಿಲ್ಲ.

ಮಾವನಿಗೆ ವಯಸ್ಸಾಗಿದೆ. ಭಾನುವಾರ ನನ್ನ ಮನೆಗೆ ಊಟಕ್ಕೆ ಬಂದಾಗ ಬಲಭುಜ ಗೋಡೆಗೆ ತಾಗುವಂತೆ ಮೂಲೆಯಲ್ಲೇ ಕೂರುತ್ತಾನೆ. ಆ ಕಿವಿ ಕೇಳಿಸುವುದಿಲ್ಲ, ಅದಕ್ಕೇ ಹಾಗೆ ಕೂರುವುದೆಂದು ನನ್ನ ಮಕ್ಕಳು ತಿಳಿದಿದ್ದಾರೆ. ಅವನು ಅಲ್ಲಿ ಕೂರುವುದು ತನ್ನ ಬಲಕ್ಕೆ, ದೊಡ್ಡಪ್ಪನ ಜಾಗದಲ್ಲಿ, ಇನ್ನಾರೂ ಬಂದು ಕೂರದಿರಲೆಂದು.