ಡಬ್ಬಿ ಮೇಷ್ಟ್ರ ಮೂರನೆಯ ಡಬ್ಬಿ

ಇಂಗ್ಲಿಷ್ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಡಬ್ಬಿ ಮೇಷ್ಟ್ರು. ಎದುರಿಗೆ ಸಾರ್, ಬೆನ್ನ ಹಿಂದೆ ಡಬ್ಬಿ. ಅವರಿಗಿದು ಗೊತ್ತಿರಲಿಲ್ಲವೆಂದಲ್ಲ, ಗೊತ್ತಿಲ್ಲದವರಂತೆ ಇರುವುದೇ ಗತ್ತು ಅಂದುಕೊಂಡಿದ್ದರು.

ನಿವೃತ್ತರಾಗಿ ವರ್ಷಗಳಾದರೂ, ಒಡೆದ ಕಿಟಕಿಗೆ ರಟ್ಟು ಅಂಟಿಸಿದ್ದ ಆ ಆರನೇ ತರಗತಿಯ ಕೋಣೆ ಅವರ ಕಣ್ಣಿಗೆ ಕಟ್ಟಿದಂತಿದೆ. ಮೇಜಿನ ಮೇಲೆ ಬಿಸ್ಕತ್ತಿನ ಮೂರು ಹಳೇ ಡಬ್ಬಿ. ಮೊದಲನೆಯದರಲ್ಲಿ ಗೋಲಿ: ಎಣಿಸಬಹುದು, ಆದ್ದರಿಂದ 'ಮೆನಿ'. ಎರಡನೆಯದರಲ್ಲಿ ಮರಳು: ಕೂತು ಎಣಿಸುವ ಹುಚ್ಚ ಇನ್ನೂ ಹುಟ್ಟಿಲ್ಲ, ಆದ್ದರಿಂದ 'ಮಚ್'. ಮೂರನೆಯದು ಖಾಲಿ. ಅದರ ಮುಚ್ಚಳವನ್ನು ಮಾತ್ರ ತುಂಬ ನಿಧಾನವಾಗಿ ತೆರೆದು, "ಇದರಲ್ಲಿ ಏನಿದೆ?" ಎನ್ನುತ್ತಿದ್ದರು.

"ಏನೂ ಇಲ್ಲ ಸಾರ್!"

"ಇದೆ ಕಣ್ರೋ. ಧೈರ್ಯ ಇದೆ, ತಾಳ್ಮೆ ಇದೆ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ಇದಕ್ಕೂ 'ಮಚ್'."

ಆಗೆಲ್ಲ ಮನೆಯಲ್ಲಿ ಊಟಕ್ಕೆ ಕೂತರೂ ಈ ಖಾಲಿ ಡಬ್ಬಿಯದ್ದೇ ವ್ಯಾಖ್ಯಾನ.

"ಹನ್ನೊಂದು ವರ್ಷದಿಂದ ಹಂಗಾಮಿ ಮೇಷ್ಟ್ರು ನೀವು," ಎನ್ನುತ್ತಿದ್ದರು ಹೆಂಡತಿ. "ಆ ಡಬ್ಬಿಯೊಳಗೆ ಕಾಯಂ ಆರ್ಡರ್ ಏನಾದ್ರೂ ಇದ್ಯಾ ನೋಡಿ."

ಕೊನೆಗೂ ಇನ್ಸ್‌ಪೆಕ್ಟರು ಪಾಠ ನೋಡಲು ಬರುವ ದಿನ ಗೊತ್ತಾಯಿತು. ಮೆಚ್ಚಿದರೆ ಕಾಯಂ, ಇಲ್ಲವಾದರೆ ಮುಂದಿನ ವರ್ಷ ಬೇರೆ ಮೇಷ್ಟ್ರು. ಇವರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಕನ್ನಡಿಯ ಮುಂದೆ ಎರಡು ಸಲ ಪಾಠ ಮಾಡಿಯೇ ಬಂದರು.

ಗೋಲಿ ಆಯಿತು, ಮರಳಾಯಿತು. ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರು ಆಕಳಿಸಿದರು. ಇದೋ ನನ್ನ ಬ್ರಹ್ಮಾಸ್ತ್ರ ಎಂದುಕೊಂಡು ಮೇಷ್ಟ್ರು ಮೂರನೆಯ ಡಬ್ಬಿ ಎತ್ತಿ, "ನೋಡಿ, ಧೈರ್ಯ!" ಎಂದು ಮುಚ್ಚಳ ಕಿತ್ತು ಬೋರಲು ಹಾಕಿದರು.

ಅಂಗಿಯ ಗುಂಡಿಗಳು! ಬಿಳಿಯವು, ನೀಲಿಯವು, ಅರ್ಧ ಒಡೆದವು, ಚಟಪಟ ಉದುರಿ ಇನ್ಸ್‌ಪೆಕ್ಟರ ಬೂಟಿನವರೆಗೂ ಉರುಳಿದವು.

"ಧೈರ್ಯ ಎಣಿಸೋಕೆ ಬರುತ್ತೆ ಅನ್ನಿ," ಎಂದರು ಇನ್ಸ್‌ಪೆಕ್ಟರು. ತರಗತಿ ಬಿದ್ದು ಬಿದ್ದು ನಕ್ಕಿತು.

ಕೆಲಸಕ್ಕೆ ಸೇರಿ ತಿಂಗಳಾಗಿದ್ದ ಮುದುಕಿ ಆಯಾ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. "ನಾನೇ ತುಂಬಿದ್ದು ಮೇಷ್ಟ್ರೇ. ಪಾಪ, ಎರಡಕ್ಕೆ ಸಾಮಾನು ಹೊಂದಿಸಿದ್ದೀರಿ, ಮೂರನೇದಕ್ಕೆ ಸಿಕ್ಕಿಲ್ಲ ಅನ್ಕೊಂಡೆ. ದೊಡ್ಡವರ ಮುಂದೆ ಬರೀ ಡಬ್ಬಿ ತೆಗೆದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ನಮ್ಮನೆಯವರ ಹಳೇ ಅಂಗಿಗಳಿಂದೆಲ್ಲ ಕಿತ್ತು ತಂದೆ."

ಆಯಾಳನ್ನು ಬೈಯಬಹುದಿತ್ತು, ಇನ್ಸ್‌ಪೆಕ್ಟರೂ ಅದನ್ನೇ ಕಾಯುತ್ತಿದ್ದಂತಿತ್ತು. ಮೇಷ್ಟ್ರು ಕೋಟಿನ ಸಮೇತ ನೆಲಕ್ಕೆ ಮೊಣಕಾಲೂರಿ ಗುಂಡಿ ಹೆಕ್ಕತೊಡಗಿದರು.

"ಗುಂಡಿ, ಹೌ ಮೆನಿ?"

ಮಕ್ಕಳೂ ಬೆಂಚಿನಡಿ ನುಗ್ಗಿದರು. "ಮೂವತ್ತೇಳು ಸಾರ್!"

"ಈ ಅಮ್ಮನಿಗೆ ನನ್ನ ಮೇಲಿರೋ ಅಕ್ಕರೆ?"

ಯಾರೂ ಬೆರಳು ಮಡಿಸಲಿಲ್ಲ. ಒಬ್ಬ ಹುಡುಗಿ, "ಮಚ್ ಸಾರ್, ಸೋ ಮಚ್," ಎಂದಳು.

ಎರಡು ತಿಂಗಳ ಮೇಲೆ ಆರ್ಡರು ಬಂತು: ಕಾಯಂ. ಇನ್ಸ್‌ಪೆಕ್ಟರು ಬರೆದ ಷರಾ ಇಷ್ಟೇ: ಪಾಠ ಚೆನ್ನಾಗಿದೆ, ಶಿಸ್ತು ಸಾಲದು. ಹೆಂಡತಿ ಅದನ್ನು ಮೂರು ಸಲ ಓದಿಸಿಕೊಂಡರು.

ಆಮೇಲಿನ ಇಪ್ಪತ್ತೆರಡು ವರ್ಷ, ಅಂದಿನ ಪಾಠ ತಾವೇ ಮೊದಲೇ ಯೋಚಿಸಿ ಹೂಡಿದ ಉಪಾಯವೆಂದು ಮೇಷ್ಟ್ರು ಹೊಸಬರಿಗೆಲ್ಲ ಹೇಳುತ್ತಾ ಬಂದರು. ಆಯಾ ಕೆಲಸದಲ್ಲಿದ್ದಷ್ಟು ಕಾಲ, ಅವಳು ಅತ್ತ ಸುಳಿದರೆ ಮಾತ್ರ ಮಾತು ನುಂಗಿ, "ಕೂತ್ಕೊಳ್ಳಮ್ಮ, ಕಾಲು ನೋಯುತ್ತೆ" ಎಂದು ತಮ್ಮ ಕುರ್ಚಿಯನ್ನೇ ಅವಳತ್ತ ಸರಿಸುತ್ತಿದ್ದರು.