ಕ್ಯಾನ್ ತುಂಬ ಸ್ಯಾಂಪಲ್

ಸ್ಯಾಂಪಲ್ ಅಂದರೆ ಒಂದು ಬಾಟಲಿ ಅಂತ ನಾನು ತಿಳಿದಿದ್ದೆ. ಖಾನಾಪುರದ ಕಾಡಿನ ಹಳ್ಳಿಯಿಂದ ಬಂದ ಲಕ್ಷ್ಮವ್ವ, ಹಾಲಿನ ಕ್ಯಾನ್ ತುಂಬ ಕೋಕಂ ಶರಬತ್ತು ತಂದು ಮುಂಬಯಿಯ ನಮ್ಮ ಬೊರಿವಲಿ ಮನೆಯ ಬಾಗಿಲಲ್ಲಿ ಇಳಿಸಿದರು!

ಊರವರೆಲ್ಲ ಸೇರಿ, ಕಾಡಿನ ಕೋಕಂ ಹಣ್ಣು ಆರಿಸಿ ತಂದು ನಡೆಸುತ್ತಿದ್ದ ಅವರ ಶರಬತ್ತಿನ ಕಾರ್ಖಾನೆ ಕೊಳ್ಳುವವರಿಲ್ಲದೆ ಮುಚ್ಚಿತ್ತು. ಫೋರ್ಟ್ ಪೇಟೆಯಲ್ಲಿ ಹೋಟೆಲು ನಡೆಸುವ ಶೆಟ್ಟರು, ರುಚಿ ಹಿಡಿಸಿದರೆ ಪಾಲುದಾರನಾಗುತ್ತೇನೆ ಎಂದಿದ್ದರು. ರುಚಿ ನೋಡಲು ಅವರನ್ನು ಒಪ್ಪಿಸಿದವನು ನಾನು. ಹಾಗಾಗಿ ಲೋಕಲ್ ರೈಲಿನ ನೂಕಾಟದಲ್ಲಿ ಕ್ಯಾನ್ ಹೊತ್ತವನೂ ನಾನೇ.

ನಾವು ಮುಟ್ಟಿದಾಗ ಹೋಟೆಲಿನಲ್ಲಿ ಆಫೀಸಿನವರ ಊಟದ ಗದ್ದಲ.

"ಇದೆಂಥದು ಮಾರಾಯ್ರೆ, ನಾನೊಬ್ಬ ಕುಡಿಯಲಿಕ್ಕೆ ಇಷ್ಟಾ?" ಎಂದರು ಶೆಟ್ಟರು.

"ನಿಮಗೊಬ್ಬರಿಗೇ ಹೆಂಗ್ ಕೊಡೂದ್ರಿ? ಉಣ್ಣಾಕ ಕುಂತ ಮಂದಿ ಬಾಯಿ ನೋಡ್ಕೋತ ಕುಂದರಬೇಕೇನು?" ಎಂದ ಲಕ್ಷ್ಮವ್ವ, ಲೋಟ ತಗೊಂಡು ಟೇಬಲ್ ಟೇಬಲಿಗೂ ಹಂಚತೊಡಗಿದರು. ಶೆಟ್ಟರ ಮುಖ ನೋಡಲಾರದೆ ನಾನೂ ಹಂಚಿದೆ.

ಸ್ವಲ್ಪ ಹೊತ್ತಿಗೇ ಒಂದು ಮೂಲೆಯಿಂದ "ಔರ್ ಏಕ್!" ಅಂತ ಇನ್ನೊಂದು ಲೋಟಕ್ಕೆ ಕೂಗು. ಇನ್ನೊಂದು ಕಡೆಯಿಂದ "ಮಲಾ ಪಣ್!", ನನಗೂ ಬೇಕು ಅಂತ ಮರಾಠಿಯಲ್ಲಿ. ಶೆಟ್ಟರು ಕೊನೆಗೆ ತಾವೂ ಲೋಟ ಹಿಡಿದು ಬಂದರೆ, ಕ್ಯಾನಿನಲ್ಲಿ ಒಂದು ಹನಿಯೂ ಇಲ್ಲ.

ಕೆಲಸ ಕೆಟ್ಟಿತು ಅಂದುಕೊಂಡೆ. ಶೆಟ್ಟರು ಖಾಲಿ ಕ್ಯಾನಿನೊಳಗೆ ಬಗ್ಗಿ ನೋಡಿ, "ಕಾರ್ಖಾನೆ ನಿಮ್ಮದೇ ಇರಲಿ. ರಿಪೇರಿ, ಮಾರಾಟ ನನ್ನದು. ಯಾವಾಗ ಸುರು ಮಾಡುದು?" ಎಂದರು. ನಾನು ಕುಣಿಯುವುದೊಂದು ಬಾಕಿ!

ವಾಪಸು ಬರುವಾಗ ಲಕ್ಷ್ಮವ್ವನ ಮುಖ ಮಾತ್ರ ಸಣ್ಣಗಾಗಿತ್ತು. "ಪಾಪ, ನಮ್ಮನ್ನ ಕರದ ಯಜಮಾನರಿಗೇ ಸಿಗಲಿಲ್ಲ ನೋಡ್ರಿ. ಮುಂದಿನ ಸರ್ತಿ ಎರಡು ಕ್ಯಾನ್ ತರೂಣು."

ಹೊರುವವರು ಯಾರು ಅಂತ ನಾನು ಕೇಳಲಿಲ್ಲ.